ಹಡಗು ಹತ್ತುವವರಿಗೆಲ್ಲ ಲಸಿಕೆ ಕಡ್ಡಾಯವಾಗಬೇಕೇ?

ಪ್ರಶ್ನೆ: ನಾನು ಮಂಡ್ಯದ ಸಹಕಾರಿ ಬ್ಯಾಂಕೊಂದರಿಂದ ನಿವೃತ್ತನಾದವನು, ವಯಸ್ಸು 66. ಸಿಂಗಪುರದಲ್ಲಿರುವ ನಮ್ಮ ಮಗಳು ಅಲ್ಲಿಂದ ಹೊರಡುವ ನಾಲ್ಕು ರಾತ್ರಿಗಳ ವಿಹಾರ ಹಡಗಿಗೆ ನಮ್ಮೆಲ್ಲರ ಟಿಕೆಟ್ ಮಾಡಿಸಿದ್ದಾಳೆ. ಅವಳ ನಾಲ್ಕು ವರ್ಷದ ಮಗನೂ ಜೊತೆಗಿರುತ್ತಾನೆ. ನನ್ನ ಹೆಂಡತಿಗೆ 61 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ. ನಾವಿಬ್ಬರೂ 2021ರಲ್ಲಿ ಕೋವಿಶೀಲ್ಡ್ ಎರಡು ಡೋಸ್ ಹಾಕಿಸಿಕೊಂಡಿದ್ದು ಬಿಟ್ಟರೆ ಆಮೇಲೆ ಯಾವ ಲಸಿಕೆಯನ್ನೂ ತೆಗೆದುಕೊಂಡಿಲ್ಲ. ಜೊತೆಗೆ ಬರುವ ನನ್ನ ಭಾವಮೈದುನ ಮಾತ್ರ ಒಂದು ಡೋಸನ್ನೂ ಹಾಕಿಸಿಕೊಂಡವನಲ್ಲ. "ಲಸಿಕೆಯಿಂದಲೇ ಜನ ಹೃದಯಾಘಾತವಾಗಿ ಸಾಯುತ್ತಿರುವುದು, ಹಾಸನದ ಸುದ್ದಿ ನೋಡಲಿಲ್ಲವೇ" ಎನ್ನುತ್ತಾನೆ. 2020ರಲ್ಲಿ ಜಪಾನಿನಲ್ಲಿ ನಿಂತುಹೋದ ಹಡಗಿನ ಚಿತ್ರಗಳನ್ನು ನನ್ನ ಹೆಂಡತಿ ಇನ್ನೂ ಮರೆತಿಲ್ಲ. ಹಡಗು ಕಂಪನಿಯ ಷರತ್ತುಗಳಲ್ಲಿ ಲಸಿಕೆಯ ಮಾತೇ ಇಲ್ಲ. ಅವರು ಎಲ್ಲ ಪ್ರಯಾಣಿಕರಿಗೂ ಲಸಿಕೆ ಕಡ್ಡಾಯ ಮಾಡಬೇಕಲ್ಲವೇ? ಮಾಡದ ಹಡಗನ್ನು ನಾವು ಹತ್ತುವುದು ಸರಿಯೇ? ಭಾವಮೈದುನನನ್ನು ಬರಬೇಡ ಎನ್ನಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವ ಮೂರು ಸಂಗತಿಗಳಿವೆ: ಪಕ್ಕದವರು ಲಸಿಕೆ ಹಾಕಿಸಿಕೊಂಡಿದ್ದರೆ ನಿಮ್ಮ ಪತ್ನಿಗೆ ಸೋಂಕು ತಗಲುವುದು ತಪ್ಪುತ್ತದೆಯೇ, ಲಸಿಕೆ ಎಂಬುದೇ ಅಪಾಯಕಾರಿಯೇ, ಮತ್ತು ಖಾಸಗಿ ಕಂಪನಿಯೊಂದು ಅದನ್ನು ಪ್ರಯಾಣದ ಷರತ್ತಾಗಿ ಇಡುವುದು ನ್ಯಾಯವೇ. ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಗದೆ ಮೂರನೆಯದನ್ನು ತೀರ್ಮಾನಿಸಲಾಗದು. ಆದ್ದರಿಂದ ನಿಮ್ಮ ಪತ್ನಿ ಮರೆಯದ ಆ ಹಡಗಿನಿಂದಲೇ ಪ್ರಾರಂಭಿಸುತ್ತೇನೆ.

ಡೈಮಂಡ್ ಪ್ರಿನ್ಸೆಸ್ ಹಡಗನ್ನು 2020ರ ಫೆಬ್ರುವರಿ ಮೊದಲ ವಾರ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ದಿಗ್ಬಂಧನಕ್ಕೆ ಒಳಪಡಿಸಲಾಯಿತು. ಅದರಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಸೋಂಕು ತಗಲಿತು, ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ. ಪರೀಕ್ಷೆಯ ಹೊತ್ತಿಗೆ ಇವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಜ್ವರವಾಗಲಿ ಕೆಮ್ಮಾಗಲಿ ಇರಲಿಲ್ಲ. ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆಗ ಜಗತ್ತಿನಲ್ಲಿ ಕೋವಿಡ್ ಲಸಿಕೆ ಎಂಬುದೇ ಇರಲಿಲ್ಲ, ಆ ವೈರಸ್ಸಿನ ಪರಿಚಯ ಯಾರ ದೇಹಕ್ಕೂ ಇರಲಿಲ್ಲ.

ಇನ್ನೊಂದು ಹಡಗನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2022ರ ನವೆಂಬರಿನಲ್ಲಿ ಮೆಜೆಸ್ಟಿಕ್ ಪ್ರಿನ್ಸೆಸ್ ಎಂಬ ಹಡಗು ಆಸ್ಟ್ರೇಲಿಯಾದ ಸಿಡ್ನಿಗೆ ಬಂದಾಗ ಅದರಲ್ಲಿದ್ದ ಸುಮಾರು 4,600 ಜನರಲ್ಲಿ ಸುಮಾರು 800 ಮಂದಿಗೆ ಸೋಂಕಿತ್ತು. ಆ ಪ್ರಯಾಣಿಕರಲ್ಲಿ ಬಹುತೇಕ ಎಲ್ಲರೂ ಲಸಿಕೆ ಪಡೆದವರು. ಸೋಂಕಿನ ಪ್ರಮಾಣವನ್ನಷ್ಟೇ ನೋಡಿದರೆ ಎರಡು ಹಡಗುಗಳ ನಡುವೆ ದೊಡ್ಡ ಅಂತರವೇ ಕಾಣುವುದಿಲ್ಲ. ಅಂತರವಿರುವುದು ಕಾಯಿಲೆಯ ತೀವ್ರತೆಯಲ್ಲಿ: ಸಿಡ್ನಿಯ ಹಡಗಿನವರಿಗೆ ಬಂದದ್ದು ಸೌಮ್ಯ ಲಕ್ಷಣಗಳ, ಇಲ್ಲವೇ ಲಕ್ಷಣಗಳೇ ಇಲ್ಲದ ಸೋಂಕು ಎಂದು ಕಂಪನಿ ತಿಳಿಸಿತು. ಈ ಹೋಲಿಕೆಯನ್ನು ತೀರಾ ಎಳೆಯಬಾರದು. ನಡುವೆ ವೈರಸ್ ರೂಪ ಬದಲಿಸಿತ್ತು, ಅನೇಕರಿಗೆ ಸೋಂಕು ಒಮ್ಮೆ ಬಂದುಹೋಗಿತ್ತು, ಪರೀಕ್ಷೆಯ ಕ್ರಮವೂ ಬೇರೆಯಾಗಿತ್ತು. ಆದರೂ ಒಂದು ವಿಷಯ ಸ್ಪಷ್ಟ. ಓಮಿಕ್ರಾನ್ ಬಂದ ಮೇಲೆ ಕೋವಿಡ್ ಲಸಿಕೆ ಸೋಂಕನ್ನು ತಡೆಯುವ ಕೆಲಸವನ್ನು ಅಲ್ಪಕಾಲ, ಅಲ್ಪಮಟ್ಟಿಗೆ ಮಾಡುತ್ತದೆ. ಸೋಂಕು ತಗಲಿದವರನ್ನು ಆಮ್ಲಜನಕದ ಹಾಸಿಗೆಗೆ ಹೋಗದಂತೆ ಕಾಯುವ ಕೆಲಸವನ್ನು ಹೆಚ್ಚು ಕಾಲ, ಹೆಚ್ಚು ಚೆನ್ನಾಗಿ ಮಾಡುತ್ತದೆ.

ಹೀಗಾಗಿ, 2021ರಲ್ಲಿ ಪಡೆದ ಎರಡು ಡೋಸಿನ ಪ್ರಮಾಣಪತ್ರವನ್ನು ಇವತ್ತು ತೋರಿಸಿ ಹಡಗು ಹತ್ತುವ ಸಹಪ್ರಯಾಣಿಕನಿಂದ ನಿಮ್ಮ ಪತ್ನಿಗೆ ಸಿಗುವ ರಕ್ಷಣೆ ಬಹಳ ಕಡಿಮೆ. ಆಕೆಗೆ ರಕ್ಷಣೆ ಕೊಡುವುದು ಆಕೆಯ ಲಸಿಕೆ. ಈ ಮಾತು ನಿಮ್ಮ ಭಾವಮೈದುನನಿಗೂ ಅನ್ವಯಿಸುತ್ತದೆ: ಅವರು ಲಸಿಕೆ ಪಡೆಯದಿರುವುದರಿಂದ ಮುಖ್ಯವಾಗಿ ಅಪಾಯಕ್ಕೆ ಒಡ್ಡಿಕೊಳ್ಳುವುದು ತಮ್ಮನ್ನೇ.

ಈಗ ಹೃದಯಾಘಾತದ ಮಾತು. 2025ರ ಜುಲೈನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತದ್ದು ನಮ್ಮ ಕಡೆಯವರಿಗೆಲ್ಲ ನೆನಪಿದೆ. ಎದೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರಿಂದ ಕೆಲವರ ಅಧಿಕ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಮೊದಲ ಬಾರಿಗೆ ಪತ್ತೆಯಾಗಿದ್ದರೆ ಅದೊಂದು ಲಾಭವೇ. ಆದರೆ ಕಾರಣದ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ್ದ ಸಮಿತಿಗೆ ಚಿಕ್ಕ ವಯಸ್ಸಿನವರ ಹಠಾತ್ ಹೃದಯಸ್ತಂಭನಕ್ಕೂ ಕೋವಿಡ್ ಲಸಿಕೆಗೂ ಸಂಬಂಧ ಕಂಡುಬರಲಿಲ್ಲ. ಅದಕ್ಕೂ ಮೊದಲು, 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಅಧ್ಯಯನವು 18ರಿಂದ 45 ವರ್ಷದೊಳಗೆ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡ 729 ಜನರ ವಿವರಗಳನ್ನು ಬದುಕಿರುವ ಅದೇ ವಯೋಮಾನದವರ ವಿವರಗಳೊಂದಿಗೆ ಹೋಲಿಸಿ ನೋಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಾದದ್ದು ಕಾಣಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅದು ಕಡಿಮೆಯೇ ಇತ್ತು. ಹೆಚ್ಚಿನ ಅಪಾಯ ಕಂಡದ್ದು ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ ಇದ್ದವರಲ್ಲಿ, ಕೋವಿಡ್‌ಗಾಗಿ ಆಸ್ಪತ್ರೆಗೆ ಸೇರಿದ್ದವರಲ್ಲಿ, ಸಾವಿಗೆ ಮುಂಚಿನ ಒಂದೆರಡು ದಿನಗಳಲ್ಲಿ ವಿಪರೀತ ಕುಡಿದಿದ್ದವರಲ್ಲಿ ಅಥವಾ ದೇಹವನ್ನು ವಿಪರೀತ ದಂಡಿಸಿದ್ದವರಲ್ಲಿ.

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದ ಕೆಲವರಿಂದಲೇ ಜನರ ನಂಬಿಕೆ ಕೆಟ್ಟಿತು ಎಂಬುದು ನನ್ನ ಅನಿಸಿಕೆ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತ್ಯಂತ ವಿರಳವಾಗಿ, ಪ್ಲೇಟ್‌ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ತೊಂದರೆ ಬರುತ್ತದೆ. ಅದು ಬರುವುದು ಸಾಮಾನ್ಯವಾಗಿ ಲಸಿಕೆ ಪಡೆದ ನಾಲ್ಕನೇ ದಿನದಿಂದ ಆರು ವಾರಗಳೊಳಗೆ. 2021ರಲ್ಲಿ ಡೋಸ್ ಪಡೆದ ನೀವು ಈ ಬಗ್ಗೆ ಈಗ ಚಿಂತಿಸಬೇಕಾದ್ದಿಲ್ಲ. ಫೈಜರ್, ಮಾಡೆರ್ನಾ ಮಾದರಿಯ ಲಸಿಕೆಗಳಿಂದ ಮುಖ್ಯವಾಗಿ ಹರೆಯದ ಗಂಡಸರಲ್ಲಿ ಹೃದಯ ಸ್ನಾಯುವಿನ ಉರಿಯೂತ ವಿರಳವಾಗಿ ಕಂಡುಬಂದಿದೆ, ಆದರೆ ಭಾರತದಲ್ಲಿ ಆ ಲಸಿಕೆಗಳು ಸಾಮಾನ್ಯ ಬಳಕೆಗೆ ಬರಲೇ ಇಲ್ಲ. ನಿಮ್ಮ ಭಾವಮೈದುನನ ಭಯಕ್ಕೆ ಆಧಾರವೇ ಇಲ್ಲವೆಂದು ಗದರಿಸುವುದಕ್ಕಿಂತ, ಯಾವುದು ಎಷ್ಟು ವಿರಳ, ಯಾವ ಅವಧಿಯಲ್ಲಿ ಬರುತ್ತದೆ ಎಂದು ಬಿಡಿಸಿ ಹೇಳಿದರೆ ಅವರು ಕೇಳಿಸಿಕೊಂಡಾರು.

ಇನ್ನು ಕಡ್ಡಾಯದ ಪ್ರಶ್ನೆ. ಹಡಗು ಕಂಪನಿಗಳು ಲಸಿಕೆಯನ್ನು ಎಂದೂ ಕೇಳಲೇ ಇಲ್ಲವೆಂದಲ್ಲ. 2021ರಲ್ಲಿ ಪ್ರಯಾಣಗಳು ಪುನರಾರಂಭವಾದಾಗ ಹಲವು ಕಂಪನಿಗಳು ಕೇಳಿದ್ದವು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ.ಯ ಆಗಿನ ನಿಯಮದಂತೆ ಸಿಬ್ಬಂದಿಯಲ್ಲಿ ನೂರಕ್ಕೆ 98, ಪ್ರಯಾಣಿಕರಲ್ಲಿ ನೂರಕ್ಕೆ 95 ಮಂದಿ ಲಸಿಕೆ ಪಡೆದಿದ್ದರೆ ಹಡಗು ಪ್ರಾಯೋಗಿಕ ಯಾನ ಮಾಡದೆ ನೇರವಾಗಿ ಹೊರಡಬಹುದಿತ್ತು. ಅದೇ ಹೊತ್ತಿಗೆ, ಅಮೆರಿಕದ ಹಡಗು ವಿಹಾರದ ದೊಡ್ಡ ಕೇಂದ್ರವಾದ ಫ್ಲೋರಿಡಾ ರಾಜ್ಯವು ಗ್ರಾಹಕರಿಂದ ಲಸಿಕೆಯ ದಾಖಲೆ ಕೇಳುವ ಸಂಸ್ಥೆಗೆ ಪ್ರತಿ ಸಲಕ್ಕೂ 5,000 ಡಾಲರ್‌ವರೆಗೆ ದಂಡ ವಿಧಿಸುವ ಕಾನೂನನ್ನು ತಂದಿತು. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿ ನ್ಯಾಯಾಲಯಕ್ಕೆ ಹೋಗಿ 2021ರ ಆಗಸ್ಟಿನಲ್ಲಿ ತಾತ್ಕಾಲಿಕ ತಡೆ ತಂದಿತು. 2022ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ರದ್ದು ಮಾಡಿತು, ಆದರೆ ಆ ಹೊತ್ತಿಗೆ ಕಂಪನಿಯೇ ಲಸಿಕೆಯ ಷರತ್ತನ್ನು ಕೈಬಿಟ್ಟಾಗಿತ್ತು. ಸಿ.ಡಿ.ಸಿ.ಯ ಹಡಗು ಕಾರ್ಯಕ್ರಮವೂ 2022ರ ಜುಲೈನಲ್ಲೇ ಮುಗಿದಿತ್ತು. ನಿಮ್ಮ ಹಡಗಿನ ಷರತ್ತುಗಳಲ್ಲಿ ಲಸಿಕೆಯ ಮಾತು ಕಾಣದಿರುವುದು ಈ ಬದಲಾವಣೆಯ ಮುಂದುವರಿಕೆ. ಅದನ್ನು ಆ ಒಂದು ಕಂಪನಿಯ ಉಡಾಫೆ ಎಂದುಕೊಳ್ಳಬೇಕಾಗಿಲ್ಲ.

ನಮ್ಮ ಸರ್ವೋಚ್ಚ ನ್ಯಾಯಾಲಯವೂ 2022ರ ಮೇ 2ರಂದು ಈ ವಿಷಯದಲ್ಲಿ ತೀರ್ಪು ಕೊಟ್ಟಿತು. ತನ್ನ ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವಾಗಿರುವುದರಿಂದ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಹದವಾದ ನಿರ್ಬಂಧಗಳನ್ನು ಹಾಕಬಹುದು. ಆದರೆ ಲಸಿಕೆ ಪಡೆಯದವರಿಂದ ಸೋಂಕು ಹೆಚ್ಚು ಹರಡುತ್ತದೆಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಮುಂದಿಡದ ಕಾರಣ ಆಗಿದ್ದ ನಿರ್ಬಂಧಗಳು ಹದ ಮೀರಿವೆ ಎಂಬುದು ಅದರ ಸಾರ. ಸಿಂಗಪುರದಿಂದ ಹೊರಡುವ ಹಡಗಿಗೆ ಈ ತೀರ್ಪು ಅನ್ವಯಿಸುವುದಿಲ್ಲ, ನಿಜ. ಆದರೆ ಅದು ಹಿಡಿದ ಅಳತೆಗೋಲು ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಸರಿಯಾದದ್ದು: ಲಸಿಕೆ ಹರಡುವಿಕೆಯನ್ನು ಎಷ್ಟು ತಡೆಯುತ್ತದೋ ಕಡ್ಡಾಯಕ್ಕೆ ಅಷ್ಟೇ ಬಲ.

ಆ ಅಳತೆಗೋಲಿನಿಂದ ನೋಡಿದರೆ ದಡಾರ ಲಸಿಕೆಯ ಕಡ್ಡಾಯಕ್ಕೆ ಕೋವಿಡ್ ಲಸಿಕೆಗಿಂತ ಎಷ್ಟೋ ಹೆಚ್ಚು ಸಮರ್ಥನೆಯಿದೆ. ದಡಾರ ಅತಿ ವೇಗವಾಗಿ ಹರಡುವ ಕಾಯಿಲೆ, ಎರಡು ಡೋಸಿನ ಲಸಿಕೆ ಅದನ್ನು ನೂರಕ್ಕೆ 97ರಷ್ಟು ತಡೆಯುತ್ತದೆ, ಆ ರಕ್ಷಣೆ ದಶಕಗಳ ಕಾಲ ಉಳಿಯುತ್ತದೆ. 2019ರಲ್ಲಿ ಫ್ರೀವಿಂಡ್ಸ್ ಎಂಬ ಹಡಗಿನಲ್ಲಿ ಒಬ್ಬರಿಗೆ ದಡಾರ ಕಾಣಿಸಿಕೊಂಡದ್ದಕ್ಕೆ ಕೆರಿಬಿಯನ್ನಿನ ಸೇಂಟ್ ಲೂಸಿಯಾದಲ್ಲಿ ಸುಮಾರು 300 ಜನರನ್ನು ಕೆಳಗಿಳಿಯಗೊಡಲಿಲ್ಲ. ವಿಚಿತ್ರವೆಂದರೆ ಹಡಗಿನ ಲಸಿಕೆಯ ಚರ್ಚೆ ನಡೆದಲ್ಲೆಲ್ಲ ಕೋವಿಡ್ ಒಂದರ ಮಾತೇ ಕೇಳಿಬರುತ್ತದೆ.

ಪ್ರಯಾಣಕ್ಕೆ ಲಸಿಕೆಯ ಷರತ್ತು ಇಡುವುದು ಹೊಸದೂ ಅಲ್ಲ. ಹಜ್ ಯಾತ್ರಿಗಳು ಮೆನಿಂಜೈಟಿಸ್ ಲಸಿಕೆ ಪಡೆಯದೆ ಹೊರಡುವಂತಿಲ್ಲ. ಹಳದಿ ಜ್ವರವಿರುವ ಆಫ್ರಿಕಾ, ದಕ್ಷಿಣ ಅಮೆರಿಕದ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಆ ಪ್ರಮಾಣಪತ್ರ ಲಸಿಕೆ ಪಡೆದ ಹತ್ತು ದಿನಗಳ ನಂತರ ಜಾರಿಗೆ ಬರುತ್ತದೆ, 2016ರ ಜುಲೈನಿಂದ ಅದರ ಮಾನ್ಯತೆ ಜೀವನಪರ್ಯಂತ. ನಿಮ್ಮ ಸಿಂಗಪುರ ಪ್ರಯಾಣಕ್ಕೆ ಇದರ ಅಗತ್ಯವಿಲ್ಲ. ಇಲ್ಲಿ ಹೇಳಿದ್ದಕ್ಕೆ ಕಾರಣ ಬೇರೆ: ಇಷ್ಟು ಗಟ್ಟಿಯಾದ ಕಡ್ಡಾಯದಲ್ಲೂ ವೈದ್ಯಕೀಯ ವಿನಾಯಿತಿಗೆ ಜಾಗವಿದೆ. ಅರವತ್ತು ದಾಟಿದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಹಳದಿ ಜ್ವರದ ಲಸಿಕೆಯೇ ಕೆಲವೊಮ್ಮೆ ಅಪಾಯ ತರಬಹುದಾದ್ದರಿಂದ ವೈದ್ಯರು ತೂಗಿ ನೋಡಿ ಪತ್ರ ಬರೆದುಕೊಡಬಹುದು.

ನಮ್ಮೂರಿನ ಸಂಗತಿಯೊಂದನ್ನು ಇಲ್ಲಿ ಹೇಳಬೇಕೆನಿಸುತ್ತದೆ. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. 1805ರ ಸುಮಾರಿಗೆ ಚಿತ್ರಕಾರ ಥಾಮಸ್ ಹಿಕಿ ಮೈಸೂರು ಅರಮನೆಯ ಹೆಣ್ಣುಮಕ್ಕಳ ಚಿತ್ರವೊಂದನ್ನು ಬರೆದ. ಅದರಲ್ಲಿರುವವರಲ್ಲಿ ಒಬ್ಬಳು ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯೆಂದೂ, ಆಕೆ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿರುವ ಆ ಚಿತ್ರ ಪ್ರಜೆಗಳಲ್ಲಿ ಧೈರ್ಯ ತುಂಬಲು ಬರೆಸಿದ್ದೆಂದೂ ಇತಿಹಾಸಕಾರರೊಬ್ಬರು ವಾದಿಸಿದ್ದಾರೆ. ಬ್ರಿಟಿಷ್ ಭಾರತದಲ್ಲಿ ಪಟ್ಟಣಗಳ ಮಕ್ಕಳಿಗೆ ಲಸಿಕೆಯನ್ನು ಕಡ್ಡಾಯ ಮಾಡುವ ಕಾನೂನು ಬಂದದ್ದು ಬಹಳ ತಡವಾಗಿ, 1880ರಲ್ಲಿ. ಮನವೊಲಿಸುವುದು ಮೊದಲು, ಕಾನೂನು ಆಮೇಲೆ ಎಂಬ ಕ್ರಮ ನನಗೆ ಇಂದಿಗೂ ಹಿಡಿಸುತ್ತದೆ.

ಹಾಗಾದರೆ ನನ್ನ ಅಭಿಪ್ರಾಯವೇನು? ಇಂದಿನ ಸ್ಥಿತಿಯಲ್ಲಿ ಎಲ್ಲ ಪ್ರಯಾಣಿಕರಿಗೂ ಕೋವಿಡ್ ಲಸಿಕೆ ಕಡ್ಡಾಯ ಮಾಡುವುದನ್ನು ನಾನು ಸಮರ್ಥಿಸುವುದಿಲ್ಲ. 2021ರಲ್ಲಿ ಸಮರ್ಥಿಸುತ್ತಿದ್ದೆ, ಏಕೆಂದರೆ ಹಡಗಿನ ಆಸ್ಪತ್ರೆ ಎಂದರೆ ನಮ್ಮ ತಾಲ್ಲೂಕು ಆಸ್ಪತ್ರೆಗಿಂತಲೂ ಚಿಕ್ಕದು. ಕೆಲವೇ ಹಾಸಿಗೆ, ಒಂದೆರಡು ವೆಂಟಿಲೇಟರ್, ಬೆರಳೆಣಿಕೆಯ ವೈದ್ಯರು ಮತ್ತು ದಾದಿಯರು ಇರುತ್ತಾರೆ. ನಡುಗಡಲಿನಲ್ಲಿ ಹತ್ತು ಜನಕ್ಕೆ ಒಟ್ಟಿಗೆ ಉಸಿರಾಟದ ತೊಂದರೆಯಾದರೆ, ಹೃದಯಾಘಾತವಾದ ಹನ್ನೊಂದನೆಯವರಿಗೆ ಜಾಗವಿರುವುದಿಲ್ಲ. ಲಸಿಕೆ ಸೋಂಕನ್ನು ತಡೆಯದಿದ್ದರೂ ಆ ಹಾಸಿಗೆಗಳನ್ನು ಖಾಲಿಯಾಗಿ ಉಳಿಸುತ್ತದೆ ಎಂಬ ವಾದಕ್ಕೆ ಆಗ ತೂಕವಿತ್ತು. ಬಹುತೇಕ ಎಲ್ಲರಿಗೂ ಲಸಿಕೆಯಿಂದಲೋ ಸೋಂಕಿನಿಂದಲೋ ಒಂದಿಷ್ಟು ರಕ್ಷಣೆ ಇರುವ ಈ ಕಾಲದಲ್ಲಿ ಆ ತೂಕ ಇಳಿದಿದೆ. ಅಪಾಯಕಾರಿಯಾದ ಹೊಸ ರೂಪ ಬಂದರೆ, ಅದನ್ನು ತಡೆಯುವ ಹೊಸ ಲಸಿಕೆಯೂ ಬಂದರೆ, ಲೆಕ್ಕ ಮತ್ತೆ ಬದಲಾಗುತ್ತದೆ. ಆಗ ಕಂಪನಿಗಳು ಕೇಳಿದರೆ ತಪ್ಪೆನ್ನಲಾರೆ.

ಸಿಬ್ಬಂದಿಯ ವಿಷಯ ಬೇರೆ. ಪ್ರಯಾಣಿಕರು ವಾರಕ್ಕೊಮ್ಮೆ ಬದಲಾಗುತ್ತಾರೆ, ಸಿಬ್ಬಂದಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ, ಕೆಳ ಅಂತಸ್ತಿನ ಇಕ್ಕಟ್ಟಾದ ಕ್ಯಾಬಿನ್ನುಗಳನ್ನು ಹಂಚಿಕೊಂಡು ಮಲಗುತ್ತಾರೆ. ಒಂದು ತಂಡದವರ ಸೋಂಕು ಮುಂದಿನ ತಂಡದವರಿಗೆ ದಾಟುವುದು ಅವರ ಮೂಲಕ. ಡೈಮಂಡ್ ಪ್ರಿನ್ಸೆಸ್‌ನ ಸಿಬ್ಬಂದಿಯಲ್ಲಿ ಮೊದಲು ಸೋಂಕು ದೃಢಪಟ್ಟ 20 ಮಂದಿಯಲ್ಲಿ 15 ಮಂದಿ ಊಟದ ವಿಭಾಗದವರು. ಪ್ರಯಾಣಿಕರು ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಅವರಿಗೆ ಊಟ ಸಿದ್ಧಪಡಿಸುವ ಕೆಲಸ ನಿಂತಿರಲಿಲ್ಲ. ಆ ಹಡಗಿನಲ್ಲಿ 132 ಮಂದಿ ಭಾರತೀಯ ಸಿಬ್ಬಂದಿ ಇದ್ದರು. ದಡಾರ, ಸೀತಾಳೆ ಸಿಡುಬು, ಫ್ಲೂ ಲಸಿಕೆಗಳನ್ನು ಸಿಬ್ಬಂದಿಗೆ ಕಂಪನಿಯೇ ತನ್ನ ಖರ್ಚಿನಲ್ಲಿ ಹಾಕಿಸಬೇಕು, ಅದನ್ನು ಕೆಲಸದ ಷರತ್ತಾಗಿಸಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪ್ರಯಾಣಿಕರ ವಿಷಯದಲ್ಲಿ ಕಂಪನಿ ಮಾಡಬೇಕಾದದ್ದು ಇನ್ನೊಂದಿದೆ, ಅದರ ಚರ್ಚೆ ನಡೆಯುವುದೇ ಅಪರೂಪ. ಜ್ವರ ಬಂದವರು ಹಡಗು ಹತ್ತದೆ ಉಳಿದರೆ ಅವರ ಹಣ ವಾಪಸಾಗಬೇಕು, ಇಲ್ಲವೇ ಇನ್ನೊಂದು ಯಾನಕ್ಕೆ ಜಮೆಯಾಗಬೇಕು. ಮದುವೆಗೋ ಯಾತ್ರೆಗೋ ಹೊರಟವರು ಪ್ಯಾರಾಸಿಟಮಾಲ್ ನುಂಗಿ ಜ್ವರ ಮುಚ್ಚಿಕೊಂಡು ಹೋಗುವುದನ್ನು ನನ್ನ ವೃತ್ತಿಯಲ್ಲಿ ಸಾಕಷ್ಟು ಕಂಡಿದ್ದೇನೆ. ಲಕ್ಷಗಟ್ಟಲೆ ಕೊಟ್ಟ ಟಿಕೆಟ್ಟಿನ ಹಣ ಮುಳುಗುತ್ತದೆ ಎಂದಾಗ, ಹಡಗು ಹತ್ತುವ ಮುಂಚೆ ತುಂಬುವ ಆರೋಗ್ಯದ ಅರ್ಜಿಯಲ್ಲಿ 'ಜ್ವರ ಇಲ್ಲ' ಎಂದು ಬರೆಯುವವರೇ ಹೆಚ್ಚು. ಲಸಿಕೆಯ ಪ್ರಮಾಣಪತ್ರ ಕೇಳಲು ಕಂಪನಿಗೆ ಖರ್ಚಿಲ್ಲ, ಹಣ ಹಿಂದಿರುಗಿಸಲು ಖರ್ಚಿದೆ. ಆದರೆ ಇವತ್ತಿನ ಮಟ್ಟಿಗೆ 2021ರ ಹಳೆಯ ಪ್ರಮಾಣಪತ್ರಗಳ ಕಂತೆಗಿಂತ, ಕೆಮ್ಮುತ್ತಿರುವ ಒಬ್ಬನನ್ನು ಬಂದರಿನಲ್ಲೇ ಉಳಿಸುವ ನಿಯಮದಿಂದ ನಿಮ್ಮ ಪತ್ನಿಗೆ ಹೆಚ್ಚು ರಕ್ಷಣೆ ಸಿಗುತ್ತದೆ. ಕೋವಿಡ್ ಹಬ್ಬಿದ್ದ ರೂಬಿ ಪ್ರಿನ್ಸೆಸ್ ಎಂಬ ಹಡಗಿನ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ, ಅಪಾಯ ಗೊತ್ತಿದ್ದೂ 2020ರ ಮಾರ್ಚಿನಲ್ಲಿ ಯಾನ ಹೊರಡಿಸಿದ ಕಂಪನಿ ಪ್ರಯಾಣಿಕರ ಬಗ್ಗೆ ತನಗಿದ್ದ ಕಾಳಜಿಯ ಹೊಣೆಯಲ್ಲಿ ತಪ್ಪಿದೆ ಎಂದು ಹೇಳಿದೆ. ಆ ಹೊಣೆಯನ್ನು ಪ್ರಯಾಣಿಕನ ತೋಳಿಗಷ್ಟೇ ವರ್ಗಾಯಿಸಿ ಕಂಪನಿ ಕೈತೊಳೆದುಕೊಳ್ಳಲಾಗದು.

ಲಸಿಕೆಯೇ ಇಲ್ಲದ ಕಾಯಿಲೆಯೊಂದನ್ನು ಮರೆಯುವಂತಿಲ್ಲ. ಹಡಗುಗಳಲ್ಲಿ ವಾಂತಿಭೇದಿ ಹಬ್ಬಿಸುವ ಮುಖ್ಯ ಕಾರಣ ನೊರೊವೈರಸ್. ಸಕ್ಕರೆ ಕಾಯಿಲೆಯವರಿಗೆ ಎರಡು ದಿನದ ವಾಂತಿಭೇದಿಯೂ ದುಬಾರಿಯಾಗುತ್ತದೆ: ನೀರಿನಂಶ ಇಳಿಯುತ್ತದೆ, ಮಾತ್ರೆ ಮತ್ತು ಊಟದ ಲೆಕ್ಕ ತಪ್ಪುತ್ತದೆ. ಬಫೆಯ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್‌ಗೆ ಈ ವೈರಸ್ ಅಷ್ಟಾಗಿ ಜಗ್ಗುವುದಿಲ್ಲ, ಸಾಬೂನು ಹಚ್ಚಿ ನೀರಿನಲ್ಲಿ ಕೈ ತೊಳೆಯಲೇಬೇಕು. ಓ.ಆರ್.ಎಸ್. ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳು. ಪ್ರಯಾಣ ರದ್ದು ಮಾಡುವಷ್ಟು ಅಪಾಯ ನನಗೆ ಕಾಣುತ್ತಿಲ್ಲ, ಆದರೆ ಸಿದ್ಧತೆಯಿಲ್ಲದೆ ಹೋಗುವುದನ್ನೂ ಒಪ್ಪಲಾರೆ. ನೀವಿಬ್ಬರೂ ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲು ಫ್ಲೂ ಲಸಿಕೆ ಹಾಕಿಸಿಕೊಳ್ಳಿ, ಅದು ಕೆಲಸಕ್ಕೆ ಬರಲು ಅಷ್ಟು ಸಮಯ ಬೇಕು. ಸಿಂಗಪುರದಲ್ಲಿ ಫ್ಲೂ ವರ್ಷವಿಡೀ ಇರುತ್ತದೆ. ನಿಮ್ಮ ವಯಸ್ಸಿನ ಕಾರಣಕ್ಕೆ ನಿಮಗೆ, ಸಕ್ಕರೆ ಕಾಯಿಲೆಯ ಕಾರಣಕ್ಕೆ ನಿಮ್ಮ ಪತ್ನಿಗೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯನ್ನೂ ಸಲಹೆ ಮಾಡುತ್ತೇನೆ. ಕೋವಿಡ್‌ನ ಇನ್ನೊಂದು ಡೋಸ್ ಇಬ್ಬರಿಗೂ ಉಪಯುಕ್ತವೇ, ಆದರೆ ಈಗ ಅದು ಎಲ್ಲ ಕಡೆ ಸುಲಭವಾಗಿ ಸಿಗುವುದಿಲ್ಲ. ಮಂಡ್ಯದಲ್ಲಿ ಸಿಗದಿದ್ದರೆ ಮೈಸೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಿ, ಅಲ್ಲೂ ಸಿಗದಿದ್ದರೆ ಆ ಒಂದು ಕಾರಣಕ್ಕೆ ಪ್ರಯಾಣ ನಿಲ್ಲಿಸಬೇಡಿ. ನಿಮ್ಮ ಪತ್ನಿಯ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ) ಪರೀಕ್ಷೆ ಇತ್ತೀಚೆಗೆ ಆಗಿಲ್ಲವಾದರೆ ಮಾಡಿಸಿ. ಸಕ್ಕರೆ ತೀರಾ ಏರಿದ್ದರೆ ಅದನ್ನು ಹಿಡಿತಕ್ಕೆ ತಂದ ಮೇಲೆ ಹೊರಡುವುದೇ ಒಳಿತು, ಏಕೆಂದರೆ ಯಾವ ಸೋಂಕು ಬಂದರೂ ಅದು ಉಲ್ಬಣಿಸುವುದು ಸಕ್ಕರೆ ಏರಿರುವಾಗ.

ಭಾವಮೈದುನನನ್ನು ಬಿಟ್ಟುಹೋಗುವುದರಿಂದ ನಿಮ್ಮ ಪತ್ನಿಯ ಅಪಾಯ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಹಡಗಿನಲ್ಲಿ ಸಾವಿರಾರು ಅಪರಿಚಿತರು ಇದ್ದೇ ಇರುತ್ತಾರೆ. ಭಾವಮೈದುನನನ್ನು ಪ್ರತ್ಯೇಕ ಕ್ಯಾಬಿನ್ನಿನಲ್ಲಿ ಇರಿಸಿ. ಹೊರಡುವ ಮುಂಚಿನ ವಾರದಲ್ಲಿ ಅವರಿಗೇ ಆಗಲಿ ನಿಮಗೇ ಆಗಲಿ ಜ್ವರ, ಗಂಟಲು ನೋವು ಬಂದರೆ ಬಚ್ಚಿಡಬಾರದೆಂದು ಈಗಲೇ ಎಲ್ಲರೂ ಮಾತು ಮಾಡಿಕೊಳ್ಳಿ. ಅವರ ವಯಸ್ಸನ್ನು ನೀವು ಬರೆದಿಲ್ಲ. ನಲವತ್ತು ದಾಟಿದ್ದರೆ, ಹೃದಯದ ಭಯ ಅಷ್ಟಿರುವುದರಿಂದ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿಕೊಂಡು ಬರಲಿ. ಕೋವಿಡ್ ಲಸಿಕೆ ಬೇಡವೆನ್ನುವವರು ಫ್ಲೂ ಲಸಿಕೆಗೆ ಒಪ್ಪುವುದೂ ಉಂಟು, ಕೇಳಿ ನೋಡಿ.

ಮಗಳಿಗೆ ಎರಡು ಕೆಲಸ ಹೇಳಿ. ಮೊಮ್ಮಗನ ದಡಾರದ ಎರಡೂ ಡೋಸ್ ಆಗಿವೆಯೇ ಎಂದು ಅವನ ಲಸಿಕೆ ಪುಸ್ತಕದಲ್ಲಿ ನೋಡಲಿ. ಕಾಯಿಲೆಯ ಕಾರಣಕ್ಕೆ ಕೊನೆಯ ಗಳಿಗೆಯಲ್ಲಿ ಪ್ರಯಾಣ ನಿಂತರೆ ಹಣ ಎಷ್ಟು ಬರುತ್ತದೆ, ಹಡಗಿನಲ್ಲೇ ಪ್ರತ್ಯೇಕವಾಗಿ ಇರಬೇಕಾಗಿ ಬಂದರೆ ಖರ್ಚು ಯಾರದು ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಲಿ. ವಿಮೆ ಮಾಡಿಸುವಾಗ ನಿಮ್ಮ ಪತ್ನಿಯ ಸಕ್ಕರೆ ಕಾಯಿಲೆಯನ್ನು ಮರೆಮಾಚದೆ ಬರೆಸಿ, ಹಡಗಿನ ಆಸ್ಪತ್ರೆಯ ವೆಚ್ಚ ಮತ್ತು ಸಮುದ್ರದಿಂದ ದಡದ ಆಸ್ಪತ್ರೆಗೆ ಸಾಗಿಸುವ ವೆಚ್ಚ ಎರಡೂ ಸೇರಿವೆಯೇ ಎಂದು ಪಾಲಿಸಿಯಲ್ಲಿ ಹುಡುಕಿ ಓದಿ. ಕಂಪನಿ ಕೇಳದಿದ್ದರೂ ಕೋವಿನ್ ಪ್ರಮಾಣಪತ್ರದ ಪ್ರತಿ ಜೊತೆಗಿರಲಿ. ನಮ್ಮ ಕಡೆ ಆಧಾರ್‌ನಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಇರುವುದು ಸಾಮಾನ್ಯವಾದ್ದರಿಂದ ಪ್ರಮಾಣಪತ್ರದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ಮಾತ್ರೆ, ಇನ್ಸುಲಿನ್ ಇದ್ದರೆ ಅದನ್ನೂ, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ನಿಗೆ ಬಂದು ಸೇರುವುದು ಎಷ್ಟೋ ಸಲ ಹಡಗು ಹೊರಟ ಮೇಲೆ.